ಹೊರಗಾಗದವಳು

ನಯನ ಹೊರಗಾದ ದಿನವೇ ಮೆಣಸೆಯಲ್ಲಿ ದೊಡ್ಡ ತಿಥಿ. ಬೆಳಿಗ್ಗೆ ಆರಕ್ಕೆ ಮುಬಶಿರನ ಬಾಡಿಗೆ ಓಮ್ನಿ ಬಂದು ಓಣಿಯಲ್ಲಿ ನಿಂತಿತು. ಅವಳು ಸೌದೆ ಕೋಣೆಯ ಚಾಪೆಯ ಮೇಲೆ ಮಂಡಿ ಕಟ್ಟಿಕೊಂಡು ಕೂತು, ಕಿಟಕಿಯ ಸರಳಿನ ಸಂದಿಯಿಂದ ಒಬ್ಬೊಬ್ಬರೇ ಹತ್ತುವುದನ್ನು ನೋಡಿದಳು. ಮೊದಲು ಅತ್ತೆ ರಾಧಮ್ಮ, ಮಡಿ ಸೀರೆಗಳ ಗಂಟು ತೊಡೆಯ ಮೇಲೆ. ಆಮೇಲೆ ಗಂಡ ನಿತೀಶ್ ಮತ್ತು ಮೈದುನ ನವೀನ, ಸೌಟು ಜಾಲರಿಗಳ ಚೀಲದ ಜೊತೆ. ಕೊನೆಗೆ ವಾರಗಿತ್ತಿ ಜ್ಯೋತ್ಸ್ನಾ. ಹತ್ತುವ ಮೊದಲು ಅವಳು ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಳು. ಒಳಗಿನಿಂದ ಅತ್ತೆ ಕೈ ಚಾಚಿ ಅವಳನ್ನು ಹತ್ತಿಸಿಕೊಂಡರು.

ಅತ್ತೆ ತನಗೆ ಯಾವತ್ತಾದರೂ ಹಾಗೆ ಕೈ ಚಾಚಿದ್ದುಂಟೆ ಎಂದು ನಯನ ಯೋಚಿಸಿದಳು. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ನೆನಪಾಗಲಿಲ್ಲ.

ಶೃಂಗೇರಿಯಲ್ಲಿ ಅವರದು ತಿಥಿ ಅಡಿಗೆಯ ಮನೆ. ಮಾವ ಶುರು ಮಾಡಿದ್ದು. ಅವರು ಹೋದ ಮೇಲೂ ರಾಧಮ್ಮ ಬಿಡಲಿಲ್ಲ. ಸುತ್ತಲ ಊರುಗಳಲ್ಲಿ ಯಾರ ಮನೆಯಲ್ಲಿ ತಿಥಿ ಬಂದು, ಅಲ್ಲಿಯ ಹೆಂಗಸರಿಗೆ ಕೈಲಾಗದೆ ಹೋದರೂ ಫೋನು ಇವರಿಗೇ. ಪಿತೃಪಕ್ಷದ ಹದಿನೈದು ದಿನವಂತೂ ಪುರುಸೊತ್ತೆಂಬುದಿಲ್ಲ. ಈ ಕೆಲಸಕ್ಕೆ ರುಚಿಗಿಂತ ಮೊದಲು ಮಡಿ ಬೇಕು. ಹೊರಗಾದ ಹೆಂಗಸು ಒಲೆ ಇರುವ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಅವಳಿಗೆ ಮೂರು ದಿನ ಸೌದೆ ಕೋಣೆ, ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಮೊಬೈಲಿಗೆ ಮಾತ್ರ ಮೈಲಿಗೆ ಇಲ್ಲ; ಅದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಎಂದು ನಿತೀಶ್ ನಗುತ್ತಿದ್ದ. ಹಾಗಾಗಿ ತಿಥಿ ಅಡಿಗೆಗೆ ಎಲ್ಲರೂ ಹುಡುಕುವುದು ವಯಸ್ಸಾದವರನ್ನು, ಮುಟ್ಟು ನಿಂತವರನ್ನು. ಆದರೆ ಅರವತ್ತು ದಾಟಿದ ಕೈಯಲ್ಲಿ ನಲವತ್ತು ಎಲೆಗೆ ವಡೆ ತಟ್ಟುವ ಶಕ್ತಿ ಎಲ್ಲಿಂದ ಬರಬೇಕು?

ಜ್ಯೋತ್ಸ್ನಾಗೆ ಮೂವತ್ತಮೂರು. ಅವಳು ಹೊರಗಾಗುವುದೇ ಇಲ್ಲ.

ಭಂಡಿಗಡಿಯ ಕಮಲಕ್ಕ ತಮ್ಮ ಯಜಮಾನರ ತಿಥಿಯ ದಿನ ಊಟ ಮುಗಿದ ಮೇಲೆ ಹತ್ತು ಜನರ ಮುಂದೆ ಹೇಳಿದ್ದರು: "ಅರವತ್ತರ ಮಡಿ, ಮೂವತ್ತರ ಕೈ. ಇಂಥ ಸೊಸೆ ಸಿಗಬೇಕಂದ್ರೆ ಪುಣ್ಯ ಬೇಕು ಕಣೇ ರಾಧಾ." ಆ ಮಾತು ಕಮಲಕ್ಕನ ಮನೆಯಲ್ಲೇ ನಿಲ್ಲಲಿಲ್ಲ. ಆಮೇಲಿಂದ ಫೋನು ಮಾಡಿದವರೆಲ್ಲ ಕೇಳತೊಡಗಿದ್ದು ಜ್ಯೋತ್ಸ್ನಾನ ಹೆಸರು ಹಿಡಿದೇ. ಅತ್ತೆಯೂ ಹೆಮ್ಮೆಯಿಂದ, ಅವಳು ಬಂದೇ ಬರ್ತಾಳೆ, ದೊಡ್ಡವಳದ್ದು ಹೇಳಕ್ಕಾಗಲ್ಲ, ಎನ್ನುತ್ತಿದ್ದರು. ದೊಡ್ಡವಳು ಅಂದರೆ ನಯನ. ಸುಕ್ಕಿನುಂಡೆಗೆ ಬೆಲ್ಲದ ಪಾಕ ಯಾವಾಗ ಇಳಿಸಬೇಕೆಂದು ಜ್ಯೋತ್ಸ್ನಾಗೆ ಹೇಳಿಕೊಟ್ಟದ್ದು ಇದೇ ನಯನ. ಅದನ್ನು ಯಾರೂ ಕೇಳಲಿಲ್ಲ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಜ್ಯೋತ್ಸ್ನಾ ಬೆವರುತ್ತಲೂ ಇರಲಿಲ್ಲ. ಕೊಪ್ಪರಿಗೆಯ ಮುಂದೆ ಎರಡು ಗಂಟೆ ನಿಂತರೂ ಹಣೆಯ ಮೇಲೆ ಒಂದು ಹನಿ ಇಲ್ಲ. ಪಕ್ಕದಲ್ಲಿ ನಯನ ಮೂಗಿನ ತುದಿಯಿಂದ ಬೆವರು ಎಲ್ಲಿ ಪಾಯಸಕ್ಕೆ ಬಿದ್ದೀತೋ ಎಂದು ಭುಜಕ್ಕೆ ಮುಖ ಒರೆಸಿಕೊಳ್ಳುತ್ತ ಒದ್ದಾಡುವಾಗ, ಮನೆಯವರು ಬಂದು ಇಬ್ಬರನ್ನೂ ನೋಡುತ್ತಿದ್ದರು. ಜ್ಯೋತ್ಸ್ನಾನ ಮೈ ಬಿಳುಪು, ಮೇಣದ ಹಾಗೆ ನುಣುಪು, ಕೈಕಾಲಿನ ಮೇಲೆ ಒಂದು ರೋಮವಿಲ್ಲ. ಯಾವ ಸೋಪು ಹಾಕ್ತೀಯ ಎಂದು ಮೆಣಸೆಯ ಹುಡುಗಿಯರು ಕೇಳಿದರೆ ಅವಳು ನಾಚಿಕೊಂಡು, ಎಂತದ್ದೂ ಇಲ್ಲಪ್ಪ, ಕಡ್ಲೆ ಹಿಟ್ಟು, ಎನ್ನುತ್ತಿದ್ದಳು. ನಯನ ಮನೆಯಲ್ಲಿ ಗುಟ್ಟಾಗಿ ತಿಂಗಳುಗಟ್ಟಲೆ ಕಡಲೆ ಹಿಟ್ಟು ಹಚ್ಚಿ ನೋಡಿದಳು. ಏನೂ ಆಗಲಿಲ್ಲ.

ಕೆಲಸ ಮುಗಿಸಿ ಬಂದರೆ ಜ್ಯೋತ್ಸ್ನಾ ಬಿದ್ದುಕೊಂಡು ನಿದ್ದೆ. ಏಪ್ರಿಲ್‌ನಲ್ಲೂ ಸ್ವೆಟರು. ಪಾತ್ರೆ ಯಾರು ತೊಳೆಯಬೇಕು? ನಯನ. ಒಳಗೆ ಮಹಾರಾಣಿ ಎದ್ದರಾ ಎಂದು ಅವಳು ಬಚ್ಚಲಿಂದ ಕೇಳಿದರೆ ಅತ್ತೆ, ನಾಳೆ ಅವಳು ಒಲೆ ಮುಂದೆ ನಿಲ್ಲಬೇಕು, ಮಲಗಲಿ ಬಿಡು, ಎನ್ನುತ್ತಿದ್ದರು.

ಮಗ ಹಾಸ್ಟೆಲು ಸೇರಿದ ಮೇಲೆ ಆ ಮನೆಯಲ್ಲಿ ನಯನಳದು ಅಂತ ಇದ್ದದ್ದು ಒಂದೇ, ಜ್ಯೋತ್ಸ್ನಾನ ಮಗಳು ದೀಕ್ಷಾ. ಒಂಬತ್ತು ವರ್ಷದ ಕೂಸು ಜಡೆ ಹಾಕಿಸಿಕೊಳ್ಳಲು, ಜ್ವರ ಬಂದರೆ ಮಲಗಲು, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಡಗಲು, ಎಲ್ಲದಕ್ಕೂ ದೊಡ್ಡಮ್ಮನ ಹತ್ತಿರವೇ ಬರುತ್ತಿತ್ತು. ಅದಕ್ಕೆ ಕಾರಣ ನರಸಿಂಹರಾಜಪುರದಲ್ಲಿತ್ತು.

ಮೊದಲ ಹೆರಿಗೆಗೆ ಜ್ಯೋತ್ಸ್ನಾ ತವರಿಗೆ, ನರಸಿಂಹರಾಜಪುರಕ್ಕೆ ಹೋಗಿದ್ದಳು. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಆರು ಬಾಟಲಿ ರಕ್ತ ಹಾಕಿದರು. ಒಂದು ರಾತ್ರಿಯಿಡೀ ಅವಳಿಗೆ ಪ್ರಜ್ಞೆ ಇರಲಿಲ್ಲ. ಬದುಕಿದಳು, ಆದರೆ ಎದೆಯಲ್ಲಿ ಹಾಲು ಬರಲಿಲ್ಲ, ಒಂದು ತೊಟ್ಟೂ. ನಯನಳ ಮಗ ಆಗ ಇನ್ನೂ ಹಾಲು ಬಿಟ್ಟಿರಲಿಲ್ಲ. ಅತ್ತೆ ಅವಳನ್ನೇ ಬಸ್ಸು ಹತ್ತಿಸಿ ಕಳಿಸಿದರು. ಎರಡು ತಿಂಗಳು ಆ ಮನೆಯಲ್ಲಿದ್ದು, ಒಂದು ಕಡೆ ಮಗನನ್ನೂ ಒಂದು ಕಡೆ ಕೂಸನ್ನೂ ಹಾಕಿಕೊಂಡು ಹಾಲೂಡಿಸಿದಳು. ಜ್ಯೋತ್ಸ್ನಾ ಗೋಡೆಗೆ ಒರಗಿಕೊಂಡು ಅದನ್ನು ನೋಡುತ್ತಿದ್ದಳು. ಅವಳ ಅಮ್ಮ ಮುಂದಿನ ವರ್ಷವೇ ತೀರಿಕೊಂಡರು. ಆ ಆರು ಬಾಟಲಿಯ ಕತೆ ಗೊತ್ತಿರುವವರಲ್ಲಿ ಉಳಿದದ್ದು ನಯನ ಒಬ್ಬಳೇ. ಗಂಡಸರಿಗೆ, ಹೆರಿಗೆ ಸ್ವಲ್ಪ ಕಷ್ಟ ಆಯ್ತಂತೆ, ಅಷ್ಟೇ.

ಬಾಣಂತನ ಮುಗಿಸಿ ಬಂದವಳು ಒಂದು ತಿಂಗಳು ಹೊರಗಾಗಲಿಲ್ಲ, ಎರಡಾಯಿತು, ವರ್ಷವಾಯಿತು. ಮೊದಲು ಅತ್ತೆಗೆ ಮತ್ತೆ ಬಸುರಿರಬಹುದೆಂಬ ಆಸೆ, ಆಮೇಲೆ ಕಳವಳ. ಎರಡನೇ ವರ್ಷ ಮನೆಯಲ್ಲಿ ಇಬ್ಬರು ಅಡಿಗೆಯವರು ಬಿಟ್ಟುಹೋಗಿ ಪಕ್ಷದ ಕೆಲಸವೆಲ್ಲ ಜ್ಯೋತ್ಸ್ನಾನ ಮೇಲೆ ಬಿದ್ದಾಗ, ಆ ಕಳವಳ ಮೆಲ್ಲಗೆ ಬಣ್ಣ ಬದಲಾಯಿಸಿತು. ಅಮ್ಮನವರೇ ಕೊಟ್ಟದ್ದು, ಕೇಳೋಕೆ ಹೋಗಬಾರದು ಎಂದರು ಅತ್ತೆ. ಆ ಮೇಲೆ ಯಾರೂ ಕೇಳಲಿಲ್ಲ.

ನಯನ ಮಾತ್ರ ಎಣಿಸುತ್ತಿದ್ದಳು. ಸೌದೆ ಕೋಣೆಯ ಗೋಡೆಗೆ ಒಂದು ಪಂಚಾಂಗದ ಕ್ಯಾಲೆಂಡರ್ ಇತ್ತು. ತಾನು ಹೊರಗಾದ ದಿನಕ್ಕೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುವುದು ಅವಳ ರೂಢಿ. ಪಕ್ಕದಲ್ಲಿ ಇನ್ನೊಂದು ಗೀಟಿಗೆ ಜಾಗ ಬಿಡುತ್ತಿದ್ದಳು. ಅದು ಪ್ರತಿ ತಿಂಗಳೂ ಖಾಲಿ. ವರ್ಷ ಕಳೆದ ಕ್ಯಾಲೆಂಡರನ್ನು ಎಸೆಯದೆ ಅದರ ಮೇಲೇ ಹೊಸತನ್ನು ನೇತುಹಾಕುತ್ತಿದ್ದಳು.

ಒಂದು ಸಲ ಬಾಯಿಬಿಟ್ಟಿದ್ದಳು. ಕಮಲಕ್ಕನ ಮನೆಯಲ್ಲೇ, ಆ ಹೊಗಳಿಕೆಯ ದಿನವೇ. ಪಾತ್ರೆ ತಿಕ್ಕುತ್ತಿದ್ದವಳು ಎದ್ದು ನಿಂತು, "ಅದು ಪುಣ್ಯ ಅಲ್ಲ ಕಮಲಕ್ಕ, ಕಾಯಿಲೆ. ಮೂವತ್ತಕ್ಕೆ ಮುಟ್ಟು ನಿಲ್ಲೋದು ಯಾರಿಗಾದ್ರೂ ಒಳ್ಳೇದಾ?" ಎಂದಳು. ಜ್ಯೋತ್ಸ್ನಾ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ದನಿ ಏರಿಸದೆ ಹೇಳಿದರು: ಹೊಟ್ಟೆಕಿಚ್ಚಿಗೆ ಔಷಧ ಇಲ್ಲ, ಅದು ಗೊತ್ತು, ಆದರೆ ನಾಲ್ಕು ಜನರ ಅನ್ನದ ಮೇಲೆ ಅದನ್ನ ಸುರಿಯಬೇಡ. ಇನ್ನು ಈ ಮಾತು ನಿನ್ನ ಬಾಯಲ್ಲಿ ಬಂದರೆ ಕೂಸಿನಾಣೆ. ದೀಕ್ಷಾನ ತಲೆಯ ಮೇಲೆ ಅವಳ ಕೈ ಇಡಿಸಿಯೇ ಬಿಟ್ಟರು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವೆಂಬುದೇ ನಯನಳನ್ನು ಹೆಚ್ಚು ಉರಿಸಿದ್ದು. ತಾನು ಆಡಿದ್ದು ಹೊಟ್ಟೆಕಿಚ್ಚಿನಿಂದಲೇ. ಹೊಟ್ಟೆಕಿಚ್ಚಿನಿಂದ ಆಡಿದ ಮಾತು ನಿಜವೂ ಆಗಿರಬಹುದೆಂದು ಆಗ ಅವಳಿಗೂ ಹೊಳೆಯಲಿಲ್ಲ.

ಹೋದ ವರ್ಷ ಸುಸ್ತು ಸುಸ್ತು ಎಂದಾಗ ನವೀನ ಹೆಂಡತಿಯನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಅತ್ತೆಯೂ ಜೊತೆಗಿದ್ದರು. ಥೈರಾಯ್ಡ್ ಪರೀಕ್ಷೆ ಒಂದು ಮಾಡಿಸಿದರು, ನಾರ್ಮಲ್ ಅಂತ ಬಂತು. ಮುಟ್ಟು ಸರಿ ಇದೆಯಾ ಎಂದು ಡಾಕ್ಟರು ಕೇಳಿದ್ದಕ್ಕೆ ಅತ್ತೆ, ಎಲ್ಲ ಸರಿ ಇದೆ ಎಂದರಂತೆ. ಟಾನಿಕ್ ಬರೆದುಕೊಟ್ಟು ಕಳಿಸಿದರು.

ಈಗ ಮೆಣಸೆಗೆ ಹೋದ ಓಮ್ನಿ ಹನ್ನೊಂದು ಗಂಟೆಗೇ ಓಣಿಗೆ ವಾಪಸು ಬಂತು. ಇಳಿದವಳು ಜ್ಯೋತ್ಸ್ನಾ ಒಬ್ಬಳೇ. ವಡೆ ಕರಿಯುತ್ತ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳಂತೆ. ಅತ್ತೆ ಜಾಲರಿ ತಾವೇ ಹಿಡಿದು, ಮನೆಗೆ ಹೋಗಿ ಮಲಗು ಎಂದರಂತೆ. ಬ್ರಾಹ್ಮಣರು ಎಲೆಯಿಂದ ಏಳದೆ ಬೇರೆ ಯಾರೂ ಬರುವ ಹಾಗಿರಲಿಲ್ಲ. ಮುಬಶಿರ್ ಅವಳನ್ನಿಳಿಸಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ನಯನ ಕಿಟಕಿಯಿಂದ ಎಲ್ಲ ನೋಡಿ ಚಾಪೆಗೆ ಮರಳಿದಳು. ಇನ್ನು ಇವಳಿಗೆ ಗಂಜಿ ಮಾಡಿಕೊಡಲೂ ತನ್ನಿಂದಾಗುವುದಿಲ್ಲ, ಹೊರಗಾಗಿದ್ದೇನಲ್ಲ, ಎಂದು ಒಂದು ಸಮಾಧಾನ.

ಮುಂಬಾಗಿಲಿನ ಸದ್ದಾಗಲಿಲ್ಲ. ಹಿತ್ತಲ ಕಡೆಯಿಂದ ಹೆಜ್ಜೆ, ನಿಂತು ನಿಂತು. ಜ್ಯೋತ್ಸ್ನಾ ಸೌದೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಕೈ ಚೌಕಟ್ಟಿನ ಮೇಲೆ.

"ಅಕ್ಕಾ, ಇಲ್ಲೇ ಕೂತ್ಕಳ್ಲಾ?"

"ಎಂತ ಆಗಿದೆ ನಿಂಗೆ? ಒಳಗೆ ಹೋಗಿ ಮಲಗು. ನನ್ನ ಮುಟ್ಟಿದ್ರೆ ನಾಳೆ ಹೋಗಂಗಿಲ್ಲ."

"ಅದಕ್ಕೇ," ಎಂದಳು ಜ್ಯೋತ್ಸ್ನಾ. ನಯನ ಸರಿಯುವ ಮೊದಲೇ ಬಂದು ಚಾಪೆಯ ತುದಿಗೆ ಕುಸಿದು, ಸೌದೆಯ ಒಟ್ಟಿಲಿಗೆ ಬೆನ್ನು ಕೊಟ್ಟಳು. ಉಸಿರು ಮೇಲಿಂದ ಮೇಲೆ, ಚಿಕ್ಕ ಚಿಕ್ಕದಾಗಿ ಬರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡಿ ಎರಡು ವಾರವಾಯಿತು, ಅತ್ತೆಗೆ ಹೇಳಲಿಲ್ಲ, ಪಕ್ಷ ಮುಗಿಯಲಿ ಅಂತ ಇದ್ದೆ, ಎಂದು ತುಂಡು ತುಂಡಾಗಿ ಹೇಳಿದಳು. ಆಮೇಲೆ ಚಾಪೆಯ ಅಂಚನ್ನು ಬೆರಳಲ್ಲಿ ಸವರುತ್ತ ಅಂದಳು:

"ತಿಂಗಳಿಗೆ ಮೂರು ದಿನ ನಿನ್ನ ಯಾರೂ ಕರೆಯಲ್ಲ. ಈ ಚಾಪೆ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ಅಕ್ಕಾ? ಸುಳ್ಳು ಹೇಳಿ ಒಂದು ಸಲ ಹೊರಗೆ ಕೂರನ ಅಂತಾನೂ ಅನ್ಕಂಡಿದ್ದೆ. ಅತ್ತೆ ನಂಬಲ್ಲ ಅಂತ ಸುಮ್ನಾದೆ."

ನಯನಳಿಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಎಲ್ಲ ಇದ್ದೂ ಇವಳಿಗೆ ನನ್ನ ಚಾಪೆಯೂ ಬೇಕಾಯಿತೇ? ಏಳು ಮೇಲೆ ಎಂದು ಅವಳ ಕಾಲು ಹಿಡಿದು ಸರಿಸಲು ಹೋದಳು. ಕಾಲು ತುಂಗೆಯ ಕಲ್ಲಿನಷ್ಟು ತಣ್ಣಗಿತ್ತು. ಕೈ ತೆಗೆದಾಗ, ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದಿತ್ತು. ಅದು ಮೇಲೇಳಲಿಲ್ಲ. ನಯನ ಆ ಗುಳಿಯನ್ನೇ ನೋಡುತ್ತ ಕೂತಳು. ನುಣುಪು ಅಂತ ಇಷ್ಟು ವರ್ಷ ಉರಿದುಕೊಂಡದ್ದು ಇದೇ ಕಾಲು. ಈಗ ಕಂಡರೆ ನೀರು ತುಂಬಿದ ಚೀಲ. ಮುಖವೂ ಹಾಗೇ. ಬಿಳುಪಲ್ಲ ಅದು, ರಕ್ತವಿಲ್ಲದ್ದು. ಹುಬ್ಬಿನ ಹೊರತುದಿ ಉದುರಿಹೋಗಿದೆ. ಎಲ್ಲವನ್ನೂ ಅವಳು ಮೊದಲೇ ನೋಡಿದ್ದಳು, ಒಂದೊಂದನ್ನೂ. ಬೇರೆ ಕಣ್ಣಿಂದ ನೋಡಿದ್ದಳು, ಅಷ್ಟೇ.

ಮೊಬೈಲು ಎತ್ತಿಕೊಂಡು ಮುಬಶಿರನನ್ನು ಕರೆದಳು. ಅವನು ಎರಡೇ ನಿಮಿಷಕ್ಕೆ ಬಂದ. "ನಾನು ಆಗ್ಲೇ ಅಂದೆ ಅಕ್ಕೋರೆ, ಮನೆಗೆ ಬೇಡ, ಆಸ್ಪತ್ರೆಗೆ ಹೋಗನ ಅಂತ. ನನ್ನ ಮಾತು ಯಾರು ಕೇಳ್ತಾರೆ ಮಾರಾಯ್ರೆ," ಎನ್ನುತ್ತಲೇ ಓಮ್ನಿಯ ಹಿಂದಿನ ಸೀಟು ಮಡಚಿದ. ಕೊಪ್ಪದಲ್ಲಿ ಎದೆಯ ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಇದ್ದಾರೆ, ತನ್ನ ಅತ್ತೆಯನ್ನು ಉಳಿಸಿಕೊಟ್ಟದ್ದು ಅವರೇ ಎಂದ. ದಾರಿಯುದ್ದಕ್ಕೂ ಜ್ಯೋತ್ಸ್ನಾನ ತಲೆ ನಯನಳ ಭುಜದ ಮೇಲಿತ್ತು. ಹರಿಹರಪುರ ದಾಟುವಾಗ ಅವಳು ಒಮ್ಮೆ ಕಣ್ಣು ಬಿಟ್ಟು, "ಪಾಯಸಕ್ಕೆ ಏಲಕ್ಕಿ ಹಾಕಿಲ್ಲ," ಎಂದಳು.

ಕೊಪ್ಪದ ಡಾಕ್ಟರ್ ನಿಲೋಫರ್ ನಲವತ್ತರ ಆಸುಪಾಸಿನವರು, ನರಸಿಂಹರಾಜಪುರದ ಕಡೆಯವರೇ. ಹೆಚ್ಚು ಮಾತಿಲ್ಲ. ಸ್ಕ್ಯಾನ್ ಮಾಡುತ್ತ ಮಾಡುತ್ತ ಅವರ ಹುಬ್ಬು ಗಂಟಾಯಿತು. ಮೂರು ಗಂಟೆಗೆ ಅತ್ತೆ, ನಿತೀಶ್, ನವೀನ ಮೂವರೂ ಓಡಿಬಂದರು. ಅತ್ತೆಯ ಸೆರಗಿನಲ್ಲಿ ಇನ್ನೂ ಕರಿದ ಎಣ್ಣೆಯ ವಾಸನೆ. ಎಲ್ಲರನ್ನೂ ಕೂರಿಸಿ ಡಾಕ್ಟರು ಹೇಳಿದರು. ಹೃದಯ ಹಿಗ್ಗಿಹೋಗಿದೆ. ತುಂಬಿದ ರಕ್ತದಲ್ಲಿ ನೂರಕ್ಕೆ ಅರವತ್ತು ಪಾಲು ಹೊರಗೆ ಒತ್ತಬೇಕಾದ್ದು ಇಪ್ಪತ್ತು ಒತ್ತುತ್ತಿದೆ. ಸುತ್ತ ನೀರು ತುಂಬಿದೆ. ನೀರಿಳಿಸಲು ಇಂಜೆಕ್ಷನ್ ಕೊಟ್ಟರೆ ಬಿಪಿ ಕುಸಿಯುತ್ತಿದೆ. ರಕ್ತದಲ್ಲಿ ಸಕ್ಕರೆಯೂ ಇಳಿದಿದೆ, ಉಪ್ಪೂ ಇಳಿದಿದೆ. ಈ ವಯಸ್ಸಿಗೆ ಯಾಕೆ ಹೀಗಾಯಿತು ಎಂದು ಗೊತ್ತಾಗದೆ ಮುಂದಿನ ಔಷಧ ಕೊಡಲು ನನಗೆ ಭಯ, ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಪ್ರಯಾಣ ತಾಳುವ ಸ್ಥಿತಿಯಲ್ಲಿಲ್ಲ. ಹೆರಿಗೆ ಹೇಗಾಯಿತು? ಮುಟ್ಟು?

ನವೀನ ಅಮ್ಮನ ಮುಖ ನೋಡಿದ.

"ಎಲ್ಲ ಸರಿ ಇದೆ," ಎಂದರು ರಾಧಮ್ಮ. ಸುಳ್ಳು ಹೇಳುವ ದನಿಯಲ್ಲ. ಅವರ ಲೆಕ್ಕದಲ್ಲಿ ಅದು ಸರಿಯೇ ಇತ್ತು.

ನಯನ ಬಾಗಿಲ ಬಳಿ ನಿಂತಿದ್ದಳು. ಹೊರಗಾದವಳು ಅಂತ ಯಾರೂ ಹೇಳದಿದ್ದರೂ ದೂರವೇ ನಿಂತಿದ್ದಳು. ಬಾಯಿಬಿಟ್ಟರೆ ಕೂಸಿನಾಣೆ. ಬಾಯಿಬಿಟ್ಟರೆ ಅಡಿಗೆ ಮನೆಯ ಹೆಸರು ಹೋಗುತ್ತದೆ: ಇಷ್ಟು ವರ್ಷ ಮಡಿ ಅಂತ ಉಣಿಸಿದ್ದು ಕಾಯಿಲೆಯವಳ ಕೈಯಲ್ಲಾ ಎಂದು ಮೆಣಸೆಯಿಂದ ಭಂಡಿಗಡಿಯವರೆಗೆ ಕೇಳುತ್ತಾರೆ. ಇಷ್ಟೆಲ್ಲ ಇದ್ದೂ ಅವಳ ನಾಲಿಗೆ ತುರಿಸುತ್ತಿತ್ತು. ಅದೇ ಅವಳನ್ನು ಹೆದರಿಸಿದ್ದು. ತನಗೆ ಬೇಕಾದದ್ದು ಇವಳು ಬದುಕುವುದೋ, ಅಥವಾ ಅತ್ತೆಯ ಎದುರು ತಾನು ಹೇಳಿದ್ದೇ ನಿಜವಾಗುವುದೋ? ಎರಡನ್ನೂ ಬಿಡಿಸಿ ನೋಡಲು ಹೋದಳು, ಆಗಲಿಲ್ಲ. ಒಳಗಿನ ಮಂಚದಿಂದ ಮಾನಿಟರಿನ ಸದ್ದು ಬರುತ್ತಿತ್ತು.

"ಸರಿ ಇಲ್ಲ," ಎಂದಳು. "ಮುಟ್ಟು ನಿಂತು ಒಂಬತ್ತು ವರ್ಷ ನಾಲ್ಕು ತಿಂಗಳು. ಹೆರಿಗೆ ಆದ ಮೇಲೆ ಒಂದು ಸಲಾನೂ ಆಗಿಲ್ಲ."

ರಾಧಮ್ಮ ತಿರುಗಿದರು. "ಇಲ್ಲೂ ನಿನ್ನ ಹೊಟ್ಟೆಕಿಚ್ಚಾ ನಯನಾ? ಅವಳು ಸಾಯ್ತಾ ಮಲಗಿದಾಳೆ."

"ಹೌದು ಅತ್ತೆ, ಹೊಟ್ಟೆಕಿಚ್ಚೇ. ಅದಕ್ಕೇ ನಂಗೆ ಲೆಕ್ಕ ಗೊತ್ತಿರೋದು. ನಿಮಗ್ಯಾರಿಗೂ ಗೊತ್ತಿಲ್ಲ."

ಡಾಕ್ಟರು ಪೆನ್ನು ಎತ್ತಿದವರು ರಾಧಮ್ಮನ ಕಡೆ ನೋಡಲೇ ಇಲ್ಲ. "ನೀವು ಹೇಳಿ," ಎಂದರು ನಯನಳಿಗೆ. ಅವಳು ಹೇಳಿದಳು. ಆರು ಬಾಟಲಿ ರಕ್ತ. ಒಂದು ತೊಟ್ಟೂ ಬಾರದ ಹಾಲು. ಒಲೆಯ ಮುಂದೆ ಬೆವರದ ಹಣೆ. ಏಪ್ರಿಲ್‌ನ ಸ್ವೆಟರು, ಉದುರಿದ ಹುಬ್ಬು, ಕಂಕುಳಲ್ಲೂ ಕೂದಲಿಲ್ಲದ್ದು, ಎಂಟು ಗಂಟೆಗೇ ಬೀಳುವ ನಿದ್ದೆ, ಹೋದ ವರ್ಷದ ನಾರ್ಮಲ್ ಥೈರಾಯ್ಡ್. ವರ್ಷಗಳಿಂದ ಎದೆಯೊಳಗೆ ಕೂಡಿಟ್ಟ ದೂರುಗಳ ಪಟ್ಟಿ ಅದು. ಒಂದೊಂದನ್ನೂ ಡಾಕ್ಟರು ಬರೆದುಕೊಳ್ಳುತ್ತ ಹೋದರು. ನವೀನ ಬಾಯಿ ತೆರೆದು ಕೇಳುತ್ತಿದ್ದ, ಬೇರೆ ಯಾರದೋ ಹೆಂಡತಿಯ ಕತೆಯೆಂಬಂತೆ.

ತಲೆಯೊಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ ಎಂದರು ಡಾಕ್ಟರು. ಹಾಲು ಬಾ ಅನ್ನುವುದು, ಮುಟ್ಟಾಗು ಅನ್ನುವುದು, ಥೈರಾಯ್ಡಿಗೆ ಕೆಲಸ ಮಾಡು ಅನ್ನುವುದು ಎಲ್ಲ ಅದೇ. ಹೆರಿಗೆಯಲ್ಲಿ ರಕ್ತ ಅಷ್ಟು ಹೋದಾಗ ಅದು ರಕ್ತ ಸಿಗದೆ ಸತ್ತಿರಬೇಕು. ಆ ಒಂದೇ ಥೈರಾಯ್ಡ್ ಪರೀಕ್ಷೆ ಇಂಥವರಲ್ಲಿ ಸರಿ ಇದ್ದ ಹಾಗೇ ಕಾಣಿಸುತ್ತದೆ. ಹೇಳುವವರಿಲ್ಲದೆ ಹೃದಯವೂ ಮೆಲ್ಲಗೆ ಸೋತಿದೆ. "ರಕ್ತ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಆದರೆ ಫಲಿತಾಂಶಕ್ಕೆ ಕಾಯಲ್ಲ, ಸ್ಟೆರಾಯ್ಡ್ ಈಗಲೇ ಶುರು. ಥೈರಾಯ್ಡ್ ಮಾತ್ರೆ ಆಮೇಲೆ. ಮೊದಲು ಅದನ್ನ ಕೊಟ್ಟರೆ ಜೀವಕ್ಕೇ ಕುತ್ತು. ಎರಡೂ ಸಿಕ್ಕರೆ ಈ ಹೃದಯ ವಾಪಸು ಬರಬಹುದು." ಎದ್ದು ಹೋಗುವಾಗ ನಯನಳ ಪಕ್ಕ ಒಂದು ಕ್ಷಣ ನಿಂತು, ಇಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ, ತುಂಬಾ ಪ್ರೀತಿಯಿಂದ ನೋಡಿಕೊಂಡಿದ್ದೀರಿ, ಎಂದರು. ನಯನ ತಲೆ ತಗ್ಗಿಸಿದಳು.

ಸಂಜೆ ಐದೂವರೆಗೆ ಜ್ಯೋತ್ಸ್ನಾನ ಬಿಪಿ ಏರಿತು. ನಾಲ್ಕನೆಯ ದಿನ ಉಸಿರು ಕಟ್ಟದೆ ಅಂಗಾತ ಮಲಗಿದಳು. ಆಮೇಲೆ ಶಿವಮೊಗ್ಗದಲ್ಲಿ ತಲೆಯ ಸ್ಕ್ಯಾನ್ ಆಯಿತು. ಗ್ರಂಥಿ ಇರಬೇಕಾದ ಕಡೆ ಖಾಲಿ. ಬೇಸಿಗೆಯ ಹೊತ್ತಿಗೆ ಹೃದಯ ನೂರಕ್ಕೆ ಐವತ್ತೈದು ಒತ್ತತೊಡಗಿತ್ತು. ಮಾತ್ರೆ ಜೀವಮಾನವಿಡೀ. ಹೃದಯ ಸುಧಾರಿಸಿದ ಮೇಲೆ ಮುಟ್ಟಾಗುವ ಮಾತ್ರೆಯನ್ನೂ ಡಾಕ್ಟರು ಸೇರಿಸಿದರು. ಎಲುಬಿಗೂ ಅದು ಬೇಕಂತೆ.

ರಾಧಮ್ಮ ಆರು ತಿಂಗಳು ನಯನಳ ಜೊತೆ ನೇರ ಮಾತಾಡಲಿಲ್ಲ. ಉಪ್ಪು ಬೇಕೆಂದರೂ ನಿತೀಶನ ಮೂಲಕ. ಭಂಡಿಗಡಿಯ ಫೋನು ನಿಂತಿತು. ಅರವತ್ತೆರಡರ ಸೀತಕ್ಕನನ್ನು ಅಡಿಗೆಗೆ ಸೇರಿಸಿಕೊಂಡರು. ಅವರು ವಡೆಯನ್ನು ದಪ್ಪ ತಟ್ಟುತ್ತಾರೆ, ಮೂವತ್ತು ತಟ್ಟುವುದರೊಳಗೆ ಸೊಂಟ ಹಿಡಿದುಕೊಳ್ಳುತ್ತಾರೆ. ಆದರೆ ಒಂದು ಬೆಳಿಗ್ಗೆ ಓಮ್ನಿಗೆ ನಯನ ಹತ್ತುವಾಗ ಒಳಗಿನಿಂದ ಒಂದು ಕೈ ಬಂತು. ಅವಳು ಹಿಡಿದುಕೊಂಡು ಹತ್ತಿದಳು.

ಮೇ ತಿಂಗಳಲ್ಲಿ ನಯನ ಹೊರಗಾದ ಎರಡನೇ ದಿನ, ಜ್ಯೋತ್ಸ್ನಾ ಒಂದು ತಟ್ಟೆ, ಒಂದು ಲೋಟ ಹಿಡಿದು ಸೌದೆ ಕೋಣೆಯ ಬಾಗಿಲಿಗೆ ಬಂದಳು. ಮುಖದಲ್ಲಿ ನಾಚಿಕೆ, ಮದುವೆ ಹುಡುಗಿಯ ಹಾಗೆ. ನಯನ ಚಾಪೆಯಲ್ಲಿ ಸರಿದು ಜಾಗ ಕೊಟ್ಟಳು. ಆಮೇಲೆ ಒಂದು ಇದ್ದಿಲ ತುಂಡು ಹುಡುಕಿ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಗೀಟು ಎಳೆದಳು. ಜ್ಯೋತ್ಸ್ನಾ ಅದೇನೆಂದು ಕೇಳಿದಳು. ಸುಮ್ನೆ, ಎಂದಳು ನಯನ.

ಸೆಕೆ. ಜ್ಯೋತ್ಸ್ನಾನ ಮೇಲ್ದುಟಿಯ ಮೇಲೆ ಬೆವರ ಹನಿ ಸಾಲುಗಟ್ಟಿತ್ತು. ಮುಂಗೈಯಲ್ಲಿ ಸಣ್ಣ ರೋಮ ಬಂದಿತ್ತು. ಅವಳು ಮಲಗಲಿಲ್ಲ, ಒಂದೇ ಸಮನೆ ಹರಟುತ್ತಿದ್ದಳು. ಸೀತಕ್ಕನ ಸೊಂಟದ ಅಣಕ ಮಾಡಿ ತೋರಿಸಿ ತಾನೇ ನಕ್ಕಳು. ಇವಳಿಗೆ ಇಷ್ಟು ಮಾತು ಬರುತ್ತದೆಂದು ನಯನಳಿಗೆ ಗೊತ್ತೇ ಇರಲಿಲ್ಲ.

ನಾಲ್ಕು ಗಂಟೆಗೆ ದೀಕ್ಷಾ ಕಾಫಿ ತಂದಳು. ಮುಟ್ಟದ ಹಾಗೆ ಹೊಸಿಲ ಆಚೆ ಕುಕ್ಕುರುಗಾಲಲ್ಲಿ ಕೂತು, ಎರಡು ಲೋಟಗಳಿಗೂ ಮೇಲಿಂದ ಸುರಿಯಬೇಕಿತ್ತು. ಕೂಸು ಮೊದಲು ಅಮ್ಮನ ಲೋಟಕ್ಕೆ ಸುರಿಯಿತು. ತುಂಬ, ನೊರೆ ಬರುವ ಹಾಗೆ. ಆಮೇಲೆ ದೊಡ್ಡಮ್ಮನ ಲೋಟಕ್ಕೆ.

ನಯನ ಅದನ್ನು ನೋಡಿದಳು. ನೋಡದೆ ಇರುವುದು ಅವಳಿಗೆ ಬರುತ್ತಿರಲಿಲ್ಲ.